ತೇಗ, ಹೆಬ್ಬೇವು, ಸರ್ವೆ: ಬೀಜದ ಸಸಿಯೋ, ಕ್ಲೋನೋ, ಟಿಶ್ಯೂ ಕಲ್ಚರೋ?

ಮುಂಗಾರು ಹತ್ತಿರ ಬಂದಂತೆ ಒಂದು ಪ್ರಶ್ನೆ ಪ್ರತಿ ವರ್ಷ ತಪ್ಪದೆ ಬರುತ್ತದೆ. ಎರಡು ಎಕರೆ ಖಾಲಿ ಬಿದ್ದಿದೆ, ಮರ ಹಾಕೋಣ ಅಂತಿದ್ದೇವೆ. ಅರಣ್ಯ ಇಲಾಖೆಯ ನರ್ಸರಿ ಸಸಿ ಸಾಕೋ, ದುಡ್ಡು ಕೊಟ್ಟು ಕ್ಲೋನ್ (ಒಂದೇ ಮರದ ಕಡ್ಡಿಯಿಂದ ಮಾಡಿದ ನಕಲು ಸಸಿ) ತರಬೇಕೋ, ಇನ್ನೂ ಹೆಚ್ಚು ಕೊಟ್ಟು ಪ್ರಯೋಗಾಲಯದಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿ ತರಬೇಕೋ? ಕೇಳುವವರ ಕೈಯಲ್ಲಿ ಬಹುತೇಕ ಒಂದು ಬಣ್ಣದ ಕರಪತ್ರ ಇರುತ್ತದೆ. ಅದರಲ್ಲಿ ಹತ್ತು ವರ್ಷಕ್ಕೆ ಎಕರೆಗೆ ಇಷ್ಟು ಕೋಟಿ ಎಂಬ ಲೆಕ್ಕವೂ ಇರುತ್ತದೆ.

ಆ ಲೆಕ್ಕವನ್ನು ಪಕ್ಕಕ್ಕಿಟ್ಟು ಮಾತಾಡೋಣ. ಅಂಥ ಲೆಕ್ಕ ಮಾಡುವ ಬಗೆ ಸುಲಭ: ತೋಟದ ಅತಿ ದಪ್ಪ ಮರವನ್ನು ಅಳೆದು, ಎಕರೆಯ ಸಸಿಗಳ ಸಂಖ್ಯೆಯಿಂದ ಗುಣಿಸುವುದು. 1990ರ ದಶಕದಲ್ಲಿ ತೇಗದ ಹೆಸರಿನಲ್ಲಿ ಜನರಿಂದ ಹಣ ಎತ್ತಿದ ಕಂಪನಿಗಳ ಲೆಕ್ಕವೂ ಇದೇ ಜಾತಿಯದು. ಅಂಥ ಯೋಜನೆಗಳಿಗೆ ಕಡಿವಾಣ ಹಾಕಲು 1999ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರತ್ಯೇಕ ನಿಯಮವನ್ನೇ ತರಬೇಕಾಯಿತು.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು, ಎಷ್ಟು ವರ್ಷಕ್ಕೆ ಕಡಿಯುತ್ತೀರಿ ಎಂಬುದು. ನನ್ನ ಮಟ್ಟಿಗೆ ಉಳಿದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ. ತಳಿ ಸುಧಾರಣೆ ಎಂದರೆ ಒಳ್ಳೆಯ ಮರ ಆರಿಸಿ, ಅದರ ಸಂತತಿಯನ್ನು ಬೇರೆ ಬೇರೆ ನೆಲದಲ್ಲಿ ನೆಟ್ಟು, ಬೆಳೆಸಿ, ಕಡಿದು, ಅಳೆದು, ಮತ್ತೆ ಆರಿಸುವ ಕೆಲಸ. ಸರ್ವೆ ಮರವನ್ನು (ಕ್ಯಾಸುರಿನಾ) ಮೂರು ನಾಲ್ಕು ವರ್ಷಕ್ಕೆ ಕಡಿಯುತ್ತಾರೆ, ಆದ್ದರಿಂದ ಸಂಶೋಧಕರು ಅದರ ಕಟಾವನ್ನು ಹಲವು ಸುತ್ತು ನೋಡಿದ್ದಾರೆ. ತೇಗ ಇಪ್ಪತ್ತೈದು ವರ್ಷಕ್ಕೂ ಎಳೆಯ ಮರವೇ. ‘ಈ ತೇಗದ ಕ್ಲೋನ್ ಅತ್ಯುತ್ತಮ’ ಎನ್ನುವವರು ಹೆಚ್ಚಿನ ಸಲ ಐದಾರು ವರ್ಷದ ಎತ್ತರ ನೋಡಿ ಹೇಳುತ್ತಿರುತ್ತಾರೆ. ಅಂದರೆ ಬೇಗ ಕಡಿಯುವ ಮರದ ‘ಸುಧಾರಿತ’ ಎಂಬ ಚೀಟಿಗೆ ಆಧಾರ ಗಟ್ಟಿ, ತಡವಾಗಿ ಕಡಿಯುವ ಮರದ ಚೀಟಿಗೆ ಆಧಾರ ತೆಳು. ಜೇಬಿಗೆ ಕೈ ಹಾಕುವ ಮುಂಚೆ ಇದೊಂದು ನೆನಪಿರಲಿ.

ಎರಡನೆಯದು, ಮಾರುವುದು ಏನನ್ನು: ತೂಕವನ್ನೋ, ದಿಮ್ಮಿಯನ್ನೋ, ಚೇಗನ್ನೋ (ಕಾಂಡದ ಒಳಗಿನ ಗಟ್ಟಿ ತಿರುಳನ್ನೋ)? ಕಾಗದದ ಕಾರ್ಖಾನೆಗೆ ಟನ್ನು ಮುಖ್ಯ. ಪ್ಲೈವುಡ್‌ನವರಿಗೆ ಗಂಟಿಲ್ಲದ, ನೆಟ್ಟಗಿರುವ, ಉರುಟಾದ ಬೊಡ್ಡೆ ಬೇಕು. ತೇಗದಲ್ಲಿ ಹೊರಗಿನ ಬಿಳಿಭಾಗಕ್ಕೆ ಬೆಲೆಯಿಲ್ಲ, ಶ್ರೀಗಂಧದಲ್ಲಂತೂ ಚೇಗೇ ಸರ್ವಸ್ವ. ಈ ಗುಣಗಳೆಲ್ಲ ತಾಯಿಯಿಂದ ಮಗುವಿಗೆ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮರದ ಸಾಂದ್ರತೆ ವಂಶದ ಬಲದಿಂದ ಚೆನ್ನಾಗಿ ಇಳಿಯುತ್ತದೆ. ಕಾಂಡದ ನೇರ ಮಧ್ಯಮ ಮಟ್ಟಿಗೆ. ದಪ್ಪ ಬೆಳೆಯುವುದು ಮಾತ್ರ ಮಣ್ಣು, ನೀರು, ಅಂತರ, ಕಳೆ ಇವುಗಳ ಕೈಯಲ್ಲಿ ಹೆಚ್ಚು. ಕರಪತ್ರಗಳು ಹೊಗಳುವುದು ಬೆಳವಣಿಗೆಯ ವೇಗವನ್ನೇ. ತಳಿಯ ಹಿಡಿತ ಕಡಿಮೆ ಇರುವುದೂ ಅದರ ಮೇಲೆಯೇ.

ಮೂರನೆಯದು, ಎಕರೆಗೆ ಎಷ್ಟು ಸಸಿ. ಒಂದು ಎಕರೆ ಸುಮಾರು 4,047 ಚದರ ಮೀಟರ್. ಸರ್ವೆಯನ್ನು 1 ಮೀಟರ್ ಅಂತರಕ್ಕೆ ನೆಟ್ಟರೆ 4,000 ಸಸಿ ಬೇಕು. ಹೆಬ್ಬೇವನ್ನು 4 ಮೀಟರ್ ಅಂತರಕ್ಕೆ ನೆಟ್ಟರೆ ಬರೀ 250. ಮಾಮೂಲಿ ಸಸಿಗೂ ಸುಧಾರಿತ ಸಸಿಗೂ ಹತ್ತು ರೂಪಾಯಿ ವ್ಯತ್ಯಾಸ ಎಂದಿಟ್ಟುಕೊಳ್ಳಿ. ಸರ್ವೆಗೆ ಅದು ಎಕರೆಗೆ 40,000 ರೂಪಾಯಿ, ಹೆಬ್ಬೇವಿಗೆ 2,500. ಗುಂಡಿ ತೆಗೆಸುವ ಕೂಲಿಯ ಮುಂದೆ 2,500 ಏನೂ ಅಲ್ಲ, ಅಲ್ಲಿ ಸಸಿಯ ಬೆಲೆಗೆ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ಆದರೆ 40,000ಕ್ಕೆ ಕಟಾವಿನಲ್ಲಿ ಎಷ್ಟು ಟನ್ನು ಹೆಚ್ಚು ಬರಬೇಕು ಎಂದು ಕೂತು ಲೆಕ್ಕ ಹಾಕಲೇಬೇಕು.

ಕೊನೆಯದಾಗಿ, ನಿಮ್ಮ ನೆಲ ಎಷ್ಟು ಏಕರೂಪ, ಕೆಟ್ಟರೆ ತಡೆದುಕೊಳ್ಳುವ ಶಕ್ತಿ ಎಷ್ಟು. ಒಂದು ಮೂಲೆಯಲ್ಲಿ ಕೆಂಪು ಮಣ್ಣು, ಇನ್ನೊಂದರಲ್ಲಿ ಜಲ್ಲಿ, ನಡುವೆ ನೀರು ನಿಲ್ಲುವ ತಗ್ಗು ಇರುವ ಹೊಲಕ್ಕೆ ಒಂದೇ ಕ್ಲೋನ್ ಹಾಕಿದರೆ, ಅದು ಒಂದು ಮೂಲೆಯಲ್ಲಿ ಗೆದ್ದು ಉಳಿದೆರಡರಲ್ಲಿ ಸೋಲಬಹುದು.

ಊರ ಮರದ ಬೀಜ

ಎಲ್ಲಕ್ಕಿಂತ ಅಗ್ಗ. ಸ್ಥಳೀಯ ಹವೆಗೆ ಒಗ್ಗಿದ್ದು ಎಂಬ ಹೆಗ್ಗಳಿಕೆಯೂ ಇದೆ, ಅದರಲ್ಲಿ ಸತ್ಯವೂ ಇದೆ. ತೊಂದರೆ ಇರುವುದು ಬೀಜ ಆರಿಸುವ ರೀತಿಯಲ್ಲಿ. ಕೈಗೆ ಎಟುಕುವ, ಕೊಂಬೆ ಹರಡಿದ, ಬೇಗ ಹೂ ಬಿಟ್ಟು ಕಾಯಿ ತುಂಬಿದ ಮರದಿಂದಲೇ ನಾವು ಬೀಜ ಆರಿಸುತ್ತೇವೆ. ತೇಗದಲ್ಲಿ ಹೂಗೊಂಚಲು ತುದಿಯಲ್ಲೇ ಬರುತ್ತದೆ. ಮುಖ್ಯ ಕಾಂಡದ ತುದಿ ಹೂವಾದ ಮೇಲೆ ಅದು ಮುಂದೆ ನೆಟ್ಟಗೆ ಬೆಳೆಯದು, ಅಲ್ಲಿಂದ ಕವಲೊಡೆಯುತ್ತದೆ. ಬೇಗ ಹೂ ಬಿಡುವ ತೇಗ ಅಂದರೆ ಗಿಡ್ಡ ದಿಮ್ಮಿಯ ತೇಗ. ಇಪ್ಪತ್ತೈದು ಅಡಿವರೆಗೆ ಕೊಂಬೆಯೇ ಇಲ್ಲದ, ತಡವಾಗಿ ಹೂ ಬಿಡುವ ಮರದ ಬೀಜ ಯಾರ ಕೈಗೂ ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಕೆಟ್ಟದ್ದನ್ನೇ ಆರಿಸುತ್ತಾ ಬಂದಂತಾಗುತ್ತದೆ. ಒಂಟಿ ಮರದ ಬೀಜವಾದರೆ ಸ್ವಪರಾಗದ ಸಂತತಿ ಸೇರಿ ಸಸಿ ಬಡಕಲಾಗುವ ಭಯ ಬೇರೆ.

ಬೀಜವನ್ನೇ ಹಿಡಿಯುವುದಾದರೆ ಒಂದೇ ಮರದಿಂದ ಬೇಡ. ಒಳ್ಳೆಯ ತೋಪಿನಲ್ಲಿ, ಒಂದರಿಂದ ಒಂದು ದೂರವಿರುವ ಹತ್ತು ಹನ್ನೆರಡು ನೇರ ಮರಗಳ ಬೀಜ ಕಲೆಸಿ ಬಳಸಿ.

ಬೀಜೋತ್ಪಾದನಾ ಪ್ರದೇಶ, ಬೀಜೋದ್ಯಾನ

ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಮೊದಲನೆಯದು ಇದ್ದ ನೆಡುತೋಪಿನಲ್ಲೇ ವಕ್ರ ಮರಗಳನ್ನು ತೆಗೆದುಹಾಕಿ, ಉಳಿದ ಒಳ್ಳೆಯವು ಪರಸ್ಪರ ಪರಾಗ ಹಂಚಿಕೊಳ್ಳಲು ಬಿಟ್ಟ ಜಾಗ. ಎರಡನೆಯದು ಬೇರೆ ಬೇರೆ ಕಾಡುಗಳಿಂದ ಆರಿಸಿದ ‘ಪ್ಲಸ್ ಮರ’ಗಳ ಕಸಿಗಳನ್ನೋ ಸಂತತಿಯನ್ನೋ ತಂದು, ಬೀಜಕ್ಕಾಗಿಯೇ ಬೆಳೆಸಿದ ತೋಟ. ಕಾಗದದ ಮೇಲೆ ಎರಡನೆಯದೇ ಮೇಲು. ಆದರೆ ತೇಗದ ಬೀಜೋದ್ಯಾನಗಳು ನಮ್ಮ ದೇಶದಲ್ಲಿ ನಿರೀಕ್ಷಿಸಿದಷ್ಟು ಬೀಜ ಕೊಡಲಿಲ್ಲ. ಬೇರೆ ಬೇರೆ ಕಡೆಯಿಂದ ಬಂದ ಕ್ಲೋನ್‌ಗಳು ಒಂದೇ ಕಾಲಕ್ಕೆ ಹೂ ಬಿಡುವುದಿಲ್ಲ. ಜೊತೆಗೆ ತೇಗದ ಕಾಯಿಯೊಳಗೆ ನಾಲ್ಕು ಕೋಶವಿದ್ದರೂ ಅನೇಕವು ಜೊಳ್ಳು, ಮೊಳಕೆಯೂ ಕಡಿಮೆ. ಆದ್ದರಿಂದ ವ್ಯವಹಾರದಲ್ಲಿ ಸಿಗುವುದು ಬಹುಮಟ್ಟಿಗೆ ಮೊದಲನೆಯ ಬಗೆಯ ಬೀಜವೇ.

ಸುಧಾರಣೆ ಸಾಧಾರಣ, ಬೆಲೆ ಕೈಗೆಟುಕುವಷ್ಟು, ವೈವಿಧ್ಯ ಹಾಗೇ ಉಳಿದಿರುತ್ತದೆ. ದೀರ್ಘಾವಧಿ ಮರಕ್ಕೆ ನಾನು ಮೊದಲು ಹೇಳುವ ಹೆಸರು ಇದು. ಇಲಾಖೆಯ ನರ್ಸರಿಯಲ್ಲಿ ‘ಬೀಜ ಎಲ್ಲಿಯದು’ ಎಂದು ಕೇಳಿ. ‘ದಾಂಡೇಲಿ ಕಡೆಯ ವಿರ್ನೋಲಿಯದು’, ‘ಕೇರಳದ ನಿಲಂಬೂರಿನದು’ ಎಂಬ ಥರದ ಉತ್ತರ ಬಂದರೆ ಸಂತೋಷ. ‘ಟೆಂಡರ್‌ನಲ್ಲಿ ಬಂದದ್ದು’ ಎಂದರೆ ಮತ್ತೊಂದು ನರ್ಸರಿ ನೋಡಿ.

ಕ್ಲೋನ್

ಆರಿಸಿದ ಮರವನ್ನು ಕಡಿದು, ಬುಡದ ಚಿಗುರಿನಿಂದ ಕಡ್ಡಿ ತೆಗೆದು, ಹಾರ್ಮೋನು ಹಚ್ಚಿ, ನೀರಿನ ತುಂತುರು ಹಾಯಿಸುವ ‘ಮಂಜಿನ ಮನೆ’ಯಲ್ಲಿ ಬೇರು ಬರಿಸಿದ ಸಸಿ. ಬುಡದ ಚಿಗುರೇ ಏಕೆ ಎಂದರೆ, ಮರಕ್ಕೆ ವಯಸ್ಸಾದಂತೆ ಮೇಲಿನ ಕೊಂಬೆಯ ಕಡ್ಡಿ ಬೇರು ಬಿಡುವ ಗುಣ ಕಳೆದುಕೊಳ್ಳುತ್ತದೆ. ಬುಡದಲ್ಲಿ ಎಳೆತನ ಉಳಿದಿರುತ್ತದೆ. ಬೀಜದಲ್ಲಿ ತಾಯಿಯ ಅರ್ಧ ಗುಣ ಮಾತ್ರ ಬರುತ್ತದೆ, ಕ್ಲೋನಿನಲ್ಲಿ ಪೂರ್ತಿ. ಲಾಭವೂ ಅಲ್ಲೇ, ಅಪಾಯವೂ ಅಲ್ಲೇ.

ನೀಲಗಿರಿಯ ಕಥೆ ಇದಕ್ಕೆ ಒಳ್ಳೆಯ ಪಾಠ, ಅದು ಶುರುವಾಗುವುದೂ ನಮ್ಮ ನಂದಿಬೆಟ್ಟದಲ್ಲೇ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ಅಲ್ಲಿ ನೆಟ್ಟರೆನ್ನಲಾದ ಆಸ್ಟ್ರೇಲಿಯಾದ ಮರಗಳ ಸಂತತಿಯೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದುದ್ದಕ್ಕೂ ಹರಡಿತು. ಬೀಜದಿಂದ ಬೆಳೆಸಿದ ಆ ತೋಪುಗಳಲ್ಲಿ ಒಂದು ಮರ ದಪ್ಪ, ಪಕ್ಕದ್ದು ಬಡಕಲು, ಮೂರನೆಯದು ಸೊಟ್ಟ. 1980ರ ದಶಕದ ಕೊನೆಯಲ್ಲಿ ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿದ ಭದ್ರಾಚಲಂ ಕಾಗದ ಕಾರ್ಖಾನೆಯವರು ಇಂಥ ತೋಪುಗಳಿಂದಲೇ ಒಳ್ಳೆಯ ಮರಗಳನ್ನು ಆರಿಸಿ ಕ್ಲೋನ್ ಮಾಡಿದರು. ಬ್ರೆಜಿಲ್‌ನ ಅರಾಕ್ರುಜ್ ಕಂಪನಿ ಅದಕ್ಕೂ ಮುಂಚೆ ಇದೇ ಹಾದಿಯಲ್ಲಿ ನಡೆದು, ಅದರ ತಜ್ಞರು 1984ರಲ್ಲಿ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಪಡೆದಿದ್ದರು. ಭದ್ರಾಚಲಂ ಕ್ಲೋನ್‌ಗಳು 3, 7, 413, 526 ಎಂಬ ನಂಬರುಗಳಲ್ಲೇ ರೈತರ ಬಾಯಲ್ಲಿ ಓಡಾಡಿದವು. ಇಳುವರಿ ಎದ್ದು ಕಾಣುವಂತೆ ಏರಿತು. ಆಮೇಲೆ, ಈ ಶತಮಾನದ ಮೊದಲ ದಶಕದಲ್ಲಿ, ಎಳೆ ಎಲೆಯ ನರದ ಮೇಲೆ ಗಂಟು ಕಟ್ಟುವ ಲೆಪ್ಟೋಸೈಬ್ ಎಂಬ ಪುಟ್ಟ ಕಣಜ ದಕ್ಷಿಣಕ್ಕೆ ಕಾಲಿಟ್ಟಿತು. ಅದಕ್ಕೆ ಸೋಲುವ ಕ್ಲೋನನ್ನು ಹಾಕಿದ್ದವರ ಹೊಲದಲ್ಲಿ ಒಂದು ಮರ ಸೋತರೆ ಎಲ್ಲವೂ ಸೋತ ಹಾಗೆಯೇ.

ನೀಲಗಿರಿ ಈಗ ನಮ್ಮ ರಾಜ್ಯದಲ್ಲಿ ಹೊಸ ನೆಡುತೋಪಿನ ಆಯ್ಕೆಯಲ್ಲ, 2017ರಲ್ಲಿ ಸರ್ಕಾರ ಅದನ್ನು ನೆಡುವುದನ್ನು ನಿಷೇಧಿಸಿತು. ಪಾಠ ಮಾತ್ರ ಸರ್ವೆಗೂ ಹೆಬ್ಬೇವಿಗೂ ಹೊಂದುತ್ತದೆ: ಕ್ಲೋನ್ ಹಾಕುವುದಾದರೆ ಒಂದು ನಂಬರು ಬೇಡ, ಮೂರು ನಾಲ್ಕಾದರೂ ಇರಲಿ. ಅವನ್ನು ಒಂದರೊಳಗೊಂದು ಕಲೆಸುವ ಬದಲು ಪಟ್ಟಿ ಪಟ್ಟಿಯಾಗಿ ನೆಡಿ. ಕಲೆಸಿದರೆ ಚುರುಕಿನದು ನಿಧಾನದ್ದನ್ನು ನೆರಳಲ್ಲಿ ಅದುಮಿಬಿಡುತ್ತದೆ, ಯಾವುದು ನಿಮ್ಮ ನೆಲಕ್ಕೆ ಒಗ್ಗಿತು ಎಂಬುದೂ ತಿಳಿಯುವುದಿಲ್ಲ.

ಕ್ಲೋನ್ ತೋಟದಲ್ಲಿ ಉದುರಿದ ಬೀಜದಿಂದ ಸಸಿ ಮಾಡಿ ಅದನ್ನೂ ‘ಕ್ಲೋನ್ ಸಸಿ’ ಎಂದು ಮಾರುವವರಿದ್ದಾರೆ. ಅದು ಕ್ಲೋನ್ ಅಲ್ಲ. ಸಂಕರ ಕ್ಲೋನಿನ ಬೀಜವಾದರಂತೂ ಅದರಿಂದ ಹುಟ್ಟಿದ ಸಸಿಗಳು ಒಂದೊಂದೂ ಒಂದೊಂದು ರೀತಿ.

ಟಿಶ್ಯೂ ಕಲ್ಚರ್

ಬಾಳೆಯಲ್ಲಿ ಟಿಶ್ಯೂ ಕಲ್ಚರ್ ಗೆದ್ದದ್ದನ್ನು ನೋಡಿದ ನಮ್ಮ ಜನಕ್ಕೆ ಆ ಹೆಸರಿನ ಮೇಲೆ ಭಾರಿ ನಂಬಿಕೆ. ಬಾಳೆಯಲ್ಲಿ ಸಿಕ್ಕ ಲಾಭ ಜಿ-9 ತಳಿಯದು, ರೋಗಮುಕ್ತ ಗಡ್ಡೆಯದು, ಒಂದೇ ಸಲಕ್ಕೆ ಗೊನೆ ಬರುವುದರದು. ಮರದಲ್ಲಿ ಟಿಶ್ಯೂ ಕಲ್ಚರ್ ಬರೀ ನಕಲು ಯಂತ್ರ. ಜೆರಾಕ್ಸ್ ಎಷ್ಟು ಸ್ಪಷ್ಟವಾಗಿದ್ದರೂ ಮೂಲ ಪತ್ರ ತಪ್ಪಿದ್ದರೆ ನಕಲೂ ತಪ್ಪೇ. ನಮ್ಮಲ್ಲಿ ಈ ತಂತ್ರ ಹೊಸದೂ ಅಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ನೂರು ವರ್ಷದ ತೇಗದ ಮರದಿಂದ ಪ್ರಯೋಗಾಲಯದಲ್ಲಿ ಸಸಿ ಎಬ್ಬಿಸಿದ್ದನ್ನು 1980ರಲ್ಲೇ ಪ್ರಕಟಿಸಿದ್ದರು. ಅದರ ನಿಜವಾದ ಉಪಯೋಗ ಇದೇ: ಕಡ್ಡಿಗೆ ಬೇರು ಬರದಷ್ಟು ಮುದಿಯಾದ, ಆದರೆ ತನ್ನ ಗುಣವನ್ನು ಪೂರ್ತಿ ತೋರಿಸಿರುವ ಮರವನ್ನು ನಕಲು ಮಾಡುವುದು.

ಮಾರುವವರು ತಾಯಿಮರ ಯಾವುದು, ಅದು ಎಲ್ಲಿದೆ, ವಯಸ್ಸೆಷ್ಟು ಎಂದು ಹೇಳಿದರೆ, ಅದರ ನಕಲುಗಳು ಹತ್ತು ವರ್ಷ ಬೆಳೆದ ತೋಟ ತೋರಿಸಿದರೆ, ಹೆಚ್ಚಿನ ಬೆಲೆ ಕೊಡಬಹುದು. ಹೇಳದಿದ್ದರೆ ಆ ಬೆಲೆ ಬರೀ ಗಾಜಿನ ಸೀಸೆಯದ್ದು. ‘ಹೈಬ್ರಿಡ್ ತೇಗ’ ಎನ್ನುವವರನ್ನು ಯಾವ ಜಾತಿಗೂ ಯಾವ ಜಾತಿಗೂ ಮಾಡಿದ ಸಂಕರ ಎಂದು ಕೇಳಿ ನೋಡಿ, ಮಾತು ಅಲ್ಲಿಗೇ ಮುಗಿಯುತ್ತದೆ.

ಯಾವ ಮರಕ್ಕೆ ಯಾವುದು

ಸರ್ವೆಗೆ ಕ್ಲೋನ್, ಇದರಲ್ಲಿ ನನಗೆ ಅನುಮಾನವಿಲ್ಲ. ಕೊಯಮತ್ತೂರಿನ ಅರಣ್ಯ ತಳಿವಿಜ್ಞಾನ ಸಂಸ್ಥೆಯವರು ಸಾಮಾನ್ಯ ಸರ್ವೆಗೂ ಇಂಡೋನೇಷ್ಯಾ ಮೂಲದ ಜಂಗ್‌ಹುನಿಯಾನಾ ಜಾತಿಗೂ ಸಂಕರ ಮಾಡಿ ಬಿಡುಗಡೆ ಮಾಡಿದ ಕ್ಲೋನ್‌ಗಳಿವೆ. ಬೆಳವಣಿಗೆ ಚುರುಕು, ಕಾಂಡ ನೇರ. 4,000 ಸಸಿಯ ಖರ್ಚು ಭಾರವಾದರೆ ಅಂತರವನ್ನು 1.5 ಮೀಟರ್ ಮಾಡಿ, ಸಸಿ 1,800ಕ್ಕೆ ಇಳಿಯುತ್ತದೆ, ಕಂಬ ದಪ್ಪವಾಗುತ್ತದೆ. ಅಷ್ಟಕ್ಕೂ ದುಡ್ಡಿಲ್ಲದಿದ್ದರೆ ಅರ್ಧ ಎಕರೆಗೆ ಕ್ಲೋನ್, ಉಳಿದದ್ದಕ್ಕೆ ಬೀಜದ ಸಸಿ ಹಾಕಿ. ನಾಲ್ಕು ವರ್ಷದಲ್ಲಿ ನಿಮ್ಮ ಹೊಲವೇ ಉತ್ತರ ಹೇಳುತ್ತದೆ. ಹತ್ತಿರದಲ್ಲಿ ಕಾಗದದ ಕಾರ್ಖಾನೆಯಾಗಲಿ ಸಾರುವೆ ಕಂಬದ ಮಾರುಕಟ್ಟೆಯಾಗಲಿ ಇಲ್ಲದವರು ಈ ಮರವನ್ನೇ ಬಿಡುವುದು ವಾಸಿ, ಸಾಗಣೆ ಖರ್ಚು ಲಾಭ ತಿಂದುಬಿಡುತ್ತದೆ.

ಹೆಬ್ಬೇವು ನಡುವಿನದು. ಪಶ್ಚಿಮಘಟ್ಟದ್ದೇ ಮರ, ಏಳೆಂಟು ವರ್ಷಕ್ಕೆ ಪ್ಲೈವುಡ್‌ಗೆ ಬರುತ್ತದೆ. ಬೀಜ ಕಲ್ಲಿನಂಥ ಓಟೆಯೊಳಗಿರುವುದರಿಂದ ಮೊಳಕೆ ಅತಿ ಕಡಿಮೆ, ಸಿಕ್ಕ ಸಸಿಗಳಲ್ಲೂ ನೇರ, ಕವಲು, ದಪ್ಪ ಎಲ್ಲದರಲ್ಲೂ ಅಜಗಜಾಂತರ. ವ್ಯತ್ಯಾಸ ಇಷ್ಟಿರುವ ಜಾತಿಯಲ್ಲಿ ಆಯ್ಕೆಗೆ ಬೆಲೆ ಹೆಚ್ಚು, ಎಕರೆಗೆ ಬೇಕಾದ ಸಸಿಯೂ ಕಡಿಮೆ. ಆದ್ದರಿಂದ ಪರೀಕ್ಷೆಗೊಳಗಾದ ತಾಯಿಮರದ ಸಸಿಗೆ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆ, ಮೆಟ್ಟುಪಾಳಯಂನ ಅರಣ್ಯ ಕಾಲೇಜು ಇದರ ಮೇಲೆ ಕೆಲಸ ಮಾಡಿವೆ. ಇದರ ದಾಯಾದಿ ಹುಚ್ಚುಬೇವನ್ನು ಹೆಬ್ಬೇವು ಎಂದು ಕೊಡುವುದುಂಟು; ಸಸಿಯಾಗಿದ್ದಾಗ ಗುರುತು ಕಷ್ಟ, ನಂಬಿಕೆಯ ನರ್ಸರಿಯೇ ದಿಕ್ಕು. ಎಂಥ ತಳಿಯಾದರೂ ಮೊದಲೆರಡು ವರ್ಷ ಪಕ್ಕದ ಕೊಂಬೆ ಸವರದಿದ್ದರೆ ಗಂಟು ಬಂದು ಪ್ಲೈವುಡ್ ದರ ತಪ್ಪಿ ಸೌದೆ ದರ ಸಿಗುತ್ತದೆ.

ತೇಗಕ್ಕೆ ನಾನು ಬೀಜದ ಕಡೆ. ಒಳ್ಳೆಯ ಮೂಲದ ಸ್ಟಂಪ್ (ಎಲೆ, ಮೇಲ್ಕಾಂಡ ಕತ್ತರಿಸಿ ಬೇರುಬುಡ ಉಳಿಸಿದ ಸಸಿ) ತಂದು 2 ಮೀಟರ್ ಅಂತರಕ್ಕೆ ಎಕರೆಗೆ 1,000 ನೆಡಿ. ಐದಾರನೆಯ ವರ್ಷ ಸೊಟ್ಟಗಿನವು, ಕವಲೊಡೆದವು, ಬೇಗ ಹೂ ಬಿಟ್ಟವನ್ನು ತೆಗೆಯಿರಿ. ಮತ್ತೆ ನಾಲ್ಕೈದು ವರ್ಷಕ್ಕೆ ಇನ್ನೊಮ್ಮೆ. ಉಳಿಯುವ ಇನ್ನೂರು ಚಿಲ್ಲರೆ ಮರಗಳು ನಿಮ್ಮ ಮಣ್ಣೇ ಆರಿಸಿಕೊಟ್ಟವು. ಬಡವರ ತಳಿ ಸುಧಾರಣೆ ಅಂದರೆ ಇದೇ. ಇದಕ್ಕೆ ಜಮೀನಿನ ಮೇಲೆ ಕಣ್ಣಿಡುವವರು ಬೇಕು, ಕಡಿಯಲು ಸಾಗಿಸಲು ಇಲಾಖೆಯ ಅನುಮತಿಗೆ ಓಡಾಡಬೇಕು. ಬೆಂಗಳೂರಿನಲ್ಲಿ ಕೂತು ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಅದು ಆಗದ ಮಾತು. ಅಂಥವರು 4 ಮೀಟರ್ ಅಂತರಕ್ಕೆ ಕ್ಲೋನ್ ಹಾಕಬಹುದು, ಆದರೆ ಹತ್ತು ವರ್ಷದ ತೋಟವನ್ನು ಕಣ್ಣಾರೆ ನೋಡಿದ ಮೇಲೆ ಮಾತ್ರ. ಬೇಗ ದಪ್ಪವಾದ ತೇಗದಲ್ಲಿ ಬಿಳಿಭಾಗವೇ ಹೆಚ್ಚು ಎಂಬುದು ಮಾರುವಾಗ ಗೊತ್ತಾಗುವ ಬದಲು ಈಗಲೇ ಗೊತ್ತಿರಲಿ.

ಶ್ರೀಗಂಧದ ಕಡ್ಡಿಗೆ ಬೇರು ಬರುವುದೇ ದುಸ್ತರ. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯವರು ಹೊಸಕೋಟೆ ಬಳಿಯ ಗೊಟ್ಟಿಪುರದಲ್ಲಿ ಆಯ್ದ ಮರಗಳ ಸಂಗ್ರಹ ಇಟ್ಟುಕೊಂಡು ಬಂದಿದ್ದಾರೆ. ಅಂಥ ತಿಳಿದ ಮೂಲದ ಬೀಜದ ಸಸಿ ಸಾಕು. ಇಲ್ಲಿ ತಳಿಗಿಂತ ಆಸರೆ ಗಿಡದ (ಗಂಧ ತನ್ನ ಬೇರಿನಿಂದ ಆಹಾರ ಹೀರುವ ಪಕ್ಕದ ಗಿಡದ) ಆಯ್ಕೆ ಮತ್ತು ಕಳ್ಳರಿಂದ ಕಾವಲು ಹೆಚ್ಚು ಮುಖ್ಯ. ರಾಜ್ಯದ ಅರಣ್ಯ ಕಾಯ್ದೆಗೆ ತಂದ 2001ರ ತಿದ್ದುಪಡಿಯ ನಂತರ ಹೊಲದ ಗಂಧ ರೈತನದೇ ಆದರೂ ಕಾಯುವ ಕೆಲಸವೂ ರೈತನದೇ. ಟಿಶ್ಯೂ ಕಲ್ಚರ್ ಸಸಿಗೆ ಕೊಡುವ ಹೆಚ್ಚುವರಿ ಹಣವನ್ನು ಬೇಲಿಗೆ ಹಾಕಿ.

ಮಹಾಗನಿಯ ಬಗ್ಗೆ ಈಚೆಗೆ ಜ್ವರವೇ ಬಂದಿದೆ. ತುದಿ ಕೊರೆಯುವ ಹುಳು ಅದರ ಜನ್ಮವೈರಿ. ತುದಿ ಹೋಯಿತೆಂದರೆ ಕವಲು, ಕವಲಾಯಿತೆಂದರೆ ದಿಮ್ಮಿ ಗಿಡ್ಡ. ‘ಹುಳು ಬಾರದ ತಳಿ’ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಬದುವಿನಲ್ಲಿ ನಾಲ್ಕು ಮಾಮೂಲಿ ಸಸಿ ಹಾಕಿ ನೋಡಿದರೆ ನಷ್ಟವಿಲ್ಲ. ಕಾಫಿ ತೋಟದ ಸಿಲ್ವರ್ ಓಕ್‌ಗೂ ಅಷ್ಟೇ: ಮೆಣಸು ಹಬ್ಬಿಸಲು ನೇರ ಬೊಡ್ಡೆ ಸಾಕು, ಪಕ್ಕದ ಎಸ್ಟೇಟಿನ ಹಲವು ನೇರ ಮರಗಳ ಬೀಜ ತಂದರೆ ಆಯಿತು.

ಸಸಿ ಕೊಳ್ಳುವ ದಿನ

ತಾಯಿಮರ ಯಾವುದು, ಪರೀಕ್ಷಾ ನೆಡುತೋಪು ಎಲ್ಲಿದೆ, ಅಲ್ಲಿಯ ಮಳೆ ಮಣ್ಣು ನಿಮ್ಮದರಂತಿದೆಯೇ ಎಂದು ಕೇಳಿ. ಜೋಳ ರಾಗಿ ಬೀಜದ ಚೀಲಕ್ಕಿರುವಂಥ ಪ್ರಮಾಣೀಕರಣದ ಚೀಟಿ ಮರದ ಸಸಿಗೆ ಸಾಮಾನ್ಯವಾಗಿ ಇರುವುದಿಲ್ಲ, ನಿಮ್ಮ ಪ್ರಶ್ನೆಯೇ ಅಲ್ಲಿ ಪರೀಕ್ಷೆ. ಎರಡು ಮೂರು ಸಸಿಗಳನ್ನು ಚೀಲದಿಂದ, ಇಲ್ಲವೇ ರೂಟ್ ಟ್ರೈನರ್‌ನಿಂದ (ಸಸಿ ಬೆಳೆಸುವ ಪ್ಲಾಸ್ಟಿಕ್ ಬಟ್ಟಲಿನಿಂದ) ತೆಗೆದು ಬೇರು ನೋಡಿ. ತಳದಲ್ಲಿ ಸುತ್ತಿಕೊಂಡಿದ್ದರೆ ಯಾವ ತಳಿಯಾದರೂ ಬೇಡ, ಅಂಥದ್ದು ಆರೇಳು ವರ್ಷಕ್ಕೆ ಗಾಳಿಗೆ ಬುಡಸಮೇತ ಉರುಳುತ್ತದೆ. ಎತ್ತರದ ಸಸಿಗಿಂತ ಬುಡ ದಪ್ಪಗಿರುವ ಸಸಿ ಆರಿಸಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಹಣ ಸಿಗುತ್ತದೆ. ನಿಮ್ಮ ಜಾತಿ ಆ ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಕ್ಲೋನ್ ಸಸಿಗೆ ಯುಗಾದಿಗೆ ಮುಂಚೆಯೇ ಮುಂಗಡ ಕೊಟ್ಟು ಕಾಯ್ದಿರಿಸಬೇಕಾಗುತ್ತದೆ, ಜೂನ್‌ನಲ್ಲಿ ಹೋದರೆ ಉಳಿದ ನಂಬರೇ ಗತಿ. ಬಿಲ್ಲಿನಲ್ಲಿ ಕ್ಲೋನ್ ನಂಬರು ಬರೆಸಿಕೊಳ್ಳಿ. ಯಾವ ಸಾಲಿಗೆ ಯಾವ ನಂಬರು ಹೋಯಿತೆಂದು ಒಂದು ನಕ್ಷೆ ಬರೆದು ಪಹಣಿ ಇಡುವ ಫೈಲಿನಲ್ಲೇ ಇಡಿ.